ತಾನೇ ಹಾಡಿ ತಾನೇ ಚಪ್ಪಾಳೆ ತಟ್ಟುವ ಆನೆ

ನಿನ್ನೆ ನನ್ನ ತಂಗಿಯ ಮೊಮ್ಮಗನ ಮೊದಲ ಹುಟ್ಟುಹಬ್ಬ. ಬಂದ ಉಡುಗೊರೆಗಳಲ್ಲಿ ಮುಕ್ಕಾಲು ಪಾಲು ಬ್ಯಾಟರಿಯವು. ಅವುಗಳಲ್ಲೊಂದು ನೇರಳೆ ಬಣ್ಣದ ಆನೆ. ಹೊಟ್ಟೆ ಒತ್ತಿದರೆ ಎಬಿಸಿಡಿ ಹಾಡಿ, ಕಿವಿ ಮಿನುಗಿಸಿ, ಕೊನೆಗೆ ತನಗೆ ತಾನೇ ಚಪ್ಪಾಳೆಯನ್ನೂ ತಟ್ಟಿಕೊಳ್ಳುತ್ತದೆ. ಹುಡುಗ ಎರಡು ಸಲ ಬೆಚ್ಚಿದ, ಮೂರನೆಯ ಸಲ ನೋಡಿದ, ಆಮೇಲೆ ಅಂಬೆಗಾಲಿಟ್ಟು ಅಡುಗೆಮನೆಗೆ ಹೊರಟುಹೋದ.

ಅಲ್ಲಿ ಎರಡು ಸ್ಟೀಲ್ ಲೋಟ, ಒಂದು ಚಮಚ ಮತ್ತು ಖಾಲಿಯಾದ ಕಾಫಿಪುಡಿ ಡಬ್ಬಿ ಸಿಕ್ಕಿದವು. ಸಣ್ಣ ಲೋಟ ದೊಡ್ಡದರೊಳಗೆ ಇಳಿಯಿತು. ದೊಡ್ಡದು ಸಣ್ಣದರೊಳಗೆ ಇಳಿಯಲಿಲ್ಲ. ಒತ್ತಿದ, ತಿರುಗಿಸಿ ಒತ್ತಿದ, ಸಿಟ್ಟಿನಿಂದ ನೆಲಕ್ಕೆ ಕುಕ್ಕಿದ, ಸದ್ದು ಹಿಡಿಸಿತೆಂದು ಮತ್ತೆ ಕುಕ್ಕಿದ. ಬಳಿಕ ಚಮಚವನ್ನು ಡಬ್ಬಿಯೊಳಗೆ ಹಾಕಿ, ಮುಚ್ಚಳ ಇಟ್ಟು, ತೆಗೆದು ಇಣುಕಿ, ಅದು ಅಲ್ಲಿಯೇ ಇರುವುದನ್ನು ಕಂಡು ನನ್ನ ಮುಖ ನೋಡಿ ನಕ್ಕ. ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗುವುದಿಲ್ಲ ಎಂಬ ಈ ಅರಿವು ಕೂಸಿನಲ್ಲಿ ಹೇಗೆ ಮೂಡುತ್ತದೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತನ್ನ ಮೂವರು ಮಕ್ಕಳನ್ನೇ ಗಮನಿಸಿ ಬರೆದಿಟ್ಟ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳ ಮೂಗು ಒರೆಸಿದ ನಾನಂತೂ ಅದನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ, ಆದರೂ ಬೇಸರವಾಗಿಲ್ಲ.

ಅಷ್ಟರಲ್ಲಿ ಅವನ ತಾಯಿ ಬಂದು, "ಅಯ್ಯೋ ದೊಡ್ಡಮ್ಮ, ಅದೆಲ್ಲ ಗಲೀಜು, ಆನೆ ಕೊಡಿ, ಏನಾದರೂ ಕಲಿಯಲಿ" ಎಂದು ಡಬ್ಬಿ ಕಿತ್ತುಕೊಂಡಳು. ತೊಳೆದ ಲೋಟ ಗಲೀಜಂತೆ! ಕೆಲವು ಆಟಿಕೆಗಳಲ್ಲಿರುವ ಬಟನ್ ಬ್ಯಾಟರಿಯನ್ನು ಮಗು ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದೆಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ನನ್ನ ತಕರಾರು ಇಷ್ಟೇ: ಎಲ್ಲವನ್ನೂ ಆನೆಯೇ ಮಾಡಿಬಿಟ್ಟರೆ ಮಗು ಮಾಡುವುದಾದರೂ ಏನು? ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದವರು 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಲ್ಲಿ ಆಟದ ಹೊತ್ತಿನ ಮಾತನ್ನು ಧ್ವನಿಮುದ್ರಿಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಆಟಿಕೆ ಮಾತಾಡತೊಡಗಿದಾಗ ಹೆತ್ತವರ ಮಾತು ಕಡಿಮೆಯಾಯಿತು, ಮಕ್ಕಳು ತೊದಲಿ ಮಾರುತ್ತರ ಕೊಡುವುದೂ ಕಡಿಮೆಯಾಯಿತು. ಬ್ಯಾಟರಿಯಿಲ್ಲದ ಸಾದಾ ಆಟಿಕೆಗಳು ಮತ್ತು ಚಿತ್ರದ ಪುಸ್ತಕಗಳ ಜೊತೆ ಹಾಗಾಗಲಿಲ್ಲ.

ಕಾಲಕ್ಕೆ ತಕ್ಕಂತೆ ಮಗು ಬೆಳೆಯಬೇಡವೇ ಎಂದು ಹುಡುಗನ ಅಪ್ಪ ಕೇಳಿದರು. ಇನ್ನೂ ನಿಲ್ಲಲು ಬಾರದ ಕೂಸು ಯಾವ ಸಂದರ್ಶನದಲ್ಲಿ ಹಿಂದೆ ಬೀಳುತ್ತದೆಂದು ನಾನು ತಿರುಗಿ ಕೇಳಿದ್ದಕ್ಕೆ ಅವರು ಕೇಕ್ ತರಲು ಎದ್ದುಹೋದರು. ಇಬ್ಬರೂ ದುಡಿಯುವವರು, ಒಂದಿಷ್ಟು ಹೊತ್ತಿನ ಬಿಡುವು ಬೇಕು ಎಂದಿದ್ದರೆ ಒಪ್ಪುತ್ತಿದ್ದೆ. ಹಾಗೆನ್ನದೆ ಅದಕ್ಕೆ ಕಲಿಕೆಯೆಂಬ ಹೆಸರಿಡುತ್ತಾರೆ.

ನಾನೇನು ಸಾಚಾ ಎಂದುಕೊಳ್ಳಬೇಡಿ. ಅಂಗನವಾಡಿಯಲ್ಲಿ ಬೆಂಕಿಪೊಟ್ಟಣದ ರೈಲು ಮಾಡಿಸುತ್ತಿದ್ದ ನಾನು ಮನೆಯಲ್ಲಿ ಸ್ವಂತ ಮಗನಿಗೆ ಕೀ ಕೊಟ್ಟರೆ ಡೋಲು ಬಡಿಯುವ ಕೋತಿಯನ್ನು ತಂದು, ಹಾಳಾದೀತೆಂದು ಪ್ಲಾಸ್ಟಿಕ್ ಕವರಿನ ಸಮೇತ ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದೆ. ನೆಂಟರು ಬಂದಾಗ ಮಾತ್ರ ಅದಕ್ಕೆ ಬಿಡುಗಡೆ. ಮಗ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದುದು ಈಗ ನೆನಪಾಗಿ ಹೊಟ್ಟೆ ಚುರುಕ್ ಎನ್ನುತ್ತದೆ.

ಈ ಸಲ ನಾನು ಒಯ್ದದ್ದು ಚನ್ನಪಟ್ಟಣದ ಗಿಲಕಿ. ಹಾಲೆ ಮರದ್ದು, ಅರಗಿನ ಬಣ್ಣದ್ದು, ಕೂಸಿನ ಮುಷ್ಟಿಗೆ ಸರಿಯಾಗುವಂಥದ್ದು. ನೋಡಲು ಚೆನ್ನಾಗಿದೆಯೆಂದು ಅದನ್ನು ಟಿವಿಯ ಪಕ್ಕದ ಶೋಕೇಸಿನಲ್ಲಿಟ್ಟಿದ್ದಾರೆ.

ಹೊರಡುವ ಮುನ್ನ ಆನೆಯ ಹೊಟ್ಟೆಯ ಸ್ಕ್ರೂ ಬಿಚ್ಚಿ, ಮೂರು ಬ್ಯಾಟರಿಗಳನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ. ತಂಗಿಯ ಮಗಳು ಇದನ್ನು ಓದುತ್ತಾಳೆಂಬುದು ಗೊತ್ತು. ಫೋನ್ ಮಾಡಿದರೆ ಒಪ್ಪಿಕೊಳ್ಳುತ್ತೇನೆ, ಹಿಂದಿರುಗಿಸುವ ಮಾತು ಮಾತ್ರ ಬೇಡ.