ಕಡುಬಿನ ಅಂಗಡಿ ಹಿಂದಿನ ಸಾಲಿಗೆ ಯಾಕೆ?

ನಿನ್ನೆ ರಾತ್ರಿ ಉತ್ಸವದಿಂದ ವಾಪಸ್ ಬಂದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾವ ಉತ್ಸವ, ಯಾವ ತಾಲ್ಲೂಕು ಅಂತ ಬರೆಯುವುದಿಲ್ಲ. ಬರೆದರೆ ಜಗಳ ಹೆಸರಿನ ಮೇಲೆ ಹೋಗುತ್ತೆ, ವಿಷಯ ಅಲ್ಲೇ ಬಿದ್ದಿರುತ್ತೆ. ನಮ್ಮ ಜಿಲ್ಲೆಯದ್ದು, ಸರ್ಕಾರದ ದುಡ್ಡಿನಲ್ಲಿ ನಡೆದದ್ದು. ಅಷ್ಟು ಸಾಕು.

ಬಾಗಿಲಲ್ಲಿ ದೊಡ್ಡ ಕಮಾನು. ಮಲೆನಾಡಿನ ಸೊಬಗು, ಮಲೆನಾಡಿನ ರುಚಿ ಅಂತೆಲ್ಲ ಬರೆಸಿದ್ದರು. ಒಳಗೆ ಹೋದರೆ ಮೊದಲ ಸಾಲು ಪೂರ್ತಿ ಗೋಬಿ ಮಂಚೂರಿ. ಆಮೇಲೆ ಪಾನಿಪುರಿ, ಪಾವ್‌ಭಾಜಿ, ಕಡ್ಡಿಗೆ ಚುಚ್ಚಿದ ಆಲೂಗಡ್ಡೆ, ತಟ್ಟೆಗಿಂತ ಅಗಲದ ಡೆಲ್ಲಿ ಹಪ್ಪಳ. ಹಲಸಿನ ಹಪ್ಪಳದ ನಾಡಿನಲ್ಲಿ ಡೆಲ್ಲಿ ಹಪ್ಪಳ!

ಹುಡುಕಿಕೊಂಡು ಹೋದೆ. ತಿಂಡಿ ಸಾಲು ಮುಗಿದು, ಜನರೇಟರ್ ದಾಟಿ, ಬೈಕ್ ನಿಲ್ಲಿಸುವ ಜಾಗದ ಹತ್ತಿರ ಒಂದು ಶಾಮಿಯಾನ ಇತ್ತು. ಅದಕ್ಕೊಂದೇ ಬಲ್ಬು. ಅಲ್ಲಿ ನಮ್ಮ ಕಡೆಯ ಸ್ತ್ರೀಶಕ್ತಿ ಸಂಘದವರು ಕೂತಿದ್ದರು. ಮೇಜಿನ ಮೇಲೆ ಕಡುಬು, ಕೆಸುವಿನ ಎಲೆಯ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ) ಶರಬತ್ತು. ಕಡುಬಿನ ಪಾತ್ರೆ ಇನ್ನೂ ತುಂಬಿಯೇ ಇತ್ತು. ಆಗ ರಾತ್ರಿ ಒಂಬತ್ತು ದಾಟಿತ್ತು.

ಮೇಜಿನ ಕೆಳಗೆ ಒಂದು ದೊಡ್ಡ ಮಡಕೆ ಕಂಡಿತು. ತೊಡದೇವು ಅನ್ನುವ ಹಾಳೆಯಷ್ಟು ತೆಳ್ಳಗಿನ ಸಿಹಿ ತಿಂಡಿ ಮಾಡುವುದಕ್ಕೆ ತಂದದ್ದು. ತೊಡದೇವು ಮಾಡುವುದನ್ನು ನೋಡದವರಿಗೆ ಹೇಳ್ತೀನಿ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕುತ್ತಾರೆ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸಿರುತ್ತಾರೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಎಳೆತಕ್ಕೆ ಬಳಿಯಬೇಕು. ಚುರ್ ಅನ್ನುತ್ತೆ, ಬೆಲ್ಲ ಕಾಯುವ ಪರಿಮಳ ಏಳುತ್ತೆ. ಅಂಚು ಬಿಡುತ್ತಿದ್ದ ಹಾಗೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚಬೇಕು. ಸ್ವಲ್ಪ ತಡವಾದರೆ ಕೈಯಲ್ಲೇ ಪುಡಿ. ವರ್ಷಗಟ್ಟಲೆ ಮಾಡಿದ ಕೈಗೆ ಮಾತ್ರ ಬರುವ ಕೆಲಸ ಅದು. ಇದನ್ನು ಮುಂದಿನ ಸಾಲಿನಲ್ಲಿ ಮಾಡಿಸಿದ್ದರೆ ಬೆಂಗಳೂರಿನಿಂದ ಬಂದ ಮಕ್ಕಳು ಅಲ್ಲಿಂದ ಕದಲುತ್ತಿರಲಿಲ್ಲ.

ಆದರೆ ಒಲೆ ಹಚ್ಚಬೇಡಿ ಅಂದರಂತೆ. ಸೌದೆ ಬೆಂಕಿ ಅಪಾಯ ಅಂತೆ. ಮುಂದಿನ ಸಾಲಿನಲ್ಲಿ ಅಂಗಡಿಗೆ ಎರಡರಂತೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಬಾಣಲೆ ಉರಿಸುತ್ತಿದ್ದರು, ಅದನ್ನು ಯಾರೂ ಕೇಳಲಿಲ್ಲ.

"ಇಲ್ಲಿಗೆ ಯಾಕಕ್ಕ ಹಾಕಿದ್ರು ನಿಮ್ಮನ್ನ?" ಅಂದೆ.

"ಮುಂದಿನ ಸಾಲಿಗೆ ಬಾಡಿಗೆ ಜಾಸ್ತಿ ತಮ್ಮ. ನಮ್ ಕೈಲಿ ಎಲ್ಲಾಗುತ್ತೆ? ಇದರದ್ದೇ ಬಾಡಿಗೆ ಹುಟ್ಟಿದ್ರೆ ಸಾಕು ಅನ್ನಿಸ್ಬಿಟ್ಟಿದೆ."

ವಿಚಾರಿಸಿದೆ. ಮಳಿಗೆಗಳನ್ನೆಲ್ಲ ಒಟ್ಟಿಗೆ ಹರಾಜು ಹಾಕಿ ಒಬ್ಬರಿಗೇ ಕೊಟ್ಟಿದ್ದಾರೆ. ಹಿಡಿದವರು ಜಾಸ್ತಿ ಕೊಟ್ಟವರಿಗೆ ಮುಂದಿನ ಜಾಗ ಕೊಟ್ಟಿದ್ದಾರೆ. ಅವರದ್ದು ವ್ಯಾಪಾರ, ಅವರನ್ನು ಬೈಯುವುದಿಲ್ಲ. ನನ್ನ ಸಿಟ್ಟು ಈ ಲೆಕ್ಕ ಹಾಕಿದವರ ಮೇಲೆ. ವೇದಿಕೆಗೆ, ದೀಪಕ್ಕೆ, ಪಟಾಕಿಗೆ, ದೂರದಿಂದ ಬರುವ ಗಾಯಕರಿಗೆ ಸರ್ಕಾರದ ದುಡ್ಡು ಉಂಟು. ಊರಿನ ಅಡುಗೆ ಮಾತ್ರ ಬಾಡಿಗೆ ಕಟ್ಟಿ ಬರಬೇಕು. ಯಾವ ನ್ಯಾಯ ಇದು?

ನನ್ನನ್ನು ಬಲ್ಲವರಿಗೆ ಗೊತ್ತು, ಪ್ರವಾಸೋದ್ಯಮವೇ ಬೇಡ ಅನ್ನುವವರ ಪೈಕಿ ನಾನಲ್ಲ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರ ಫೆಬ್ರವರಿ 27ಕ್ಕೆ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಖುಷಿಪಟ್ಟವನು. 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದಾಗ ಕಣ್ಣು ಒದ್ದೆಯಾಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಕೊಡಲು ಮನೆ, ಗದ್ದೆ ಮುಳುಗಿಸಿಕೊಂಡ ಜನ ಆ ಹಿನ್ನೀರು ದಾಟಲು ಆರು ದಶಕ ಲಾಂಚ್ ಕಾದರು. ಗರ್ಭಿಣಿಯರು, ರೋಗಿಗಳೂ ಕಾದರು. ಆ ಸೇತುವೆ ಅವರ ಹಕ್ಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ರಸ್ತೆ ಚೆನ್ನಾದಷ್ಟೂ ಕಾರು ನಿಲ್ಲುವುದು ಕಡಿಮೆಯಾಗುತ್ತೆ. ಮೊದಲು ಲಾಂಚ್ ಬರುವ ತನಕ ಕಾಯುವವರು ಅಲ್ಲೇ ಒಂದು ಚಹಾ ಕುಡಿಯುತ್ತಿದ್ದರು, ಏನಾದರೂ ತಿನ್ನುತ್ತಿದ್ದರು. ಈಗ ಎರಡೂವರೆ ಕಿಲೋಮೀಟರ್ ಹತ್ತಿರದ ಸೇತುವೆಯನ್ನು ಕೆಲವೇ ನಿಮಿಷದಲ್ಲಿ ದಾಟಿ, ದೇವಿಯ ದರ್ಶನ ಮುಗಿಸಿ, ಜೋಗ ನೋಡಿ, ಕತ್ತಲಾಗುವ ಮುಂಚೆ ಹೊರಟುಬಿಡಬಹುದು. ಬಂದವರು ನೋಡಿ ಹೋಗುತ್ತಾರೆ, ಉಂಡು ಹೋಗುವುದಿಲ್ಲ. ನೋಡಿ ಹೋದವರಿಂದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ. ಉಂಡು, ಉಳಿದು ಹೋದವರಿಂದ ಅಕ್ಕಿ ಬೆಳೆದವರಿಗೆ, ಹಾಲು ಕರೆದವರಿಗೆ, ಸೊಪ್ಪು ಕೊಯ್ದವರಿಗೆ, ಬೇಯಿಸಿದವರಿಗೆ ನಾಲ್ಕು ಕಾಸು ಸಿಗುತ್ತೆ. ಸರ್ಕಾರ ದುಡ್ಡು ಹಾಕುವುದಾದರೆ ಇಲ್ಲಿಗೆ ಹಾಕಬೇಕು ಅಲ್ವಾ?

ಜೋಗದ 253 ಮೀಟರ್ ಧುಮುಕನ್ನು ಯಾರೂ ಕಟ್ಟಿಸಿದ್ದಲ್ಲ. ಶರಾವತಿ ತಾನೇ ಧುಮುಕುತ್ತಾಳೆ. ಆಗುಂಬೆಯ ಮಳೆಯೂ ಹಾಗೇ, ಕೊಡಚಾದ್ರಿಯ ಮಂಜೂ ಹಾಗೇ. ಮಲೆನಾಡಿನ ಊಟ ಹಾಗಲ್ಲ. ಅದನ್ನು ಯಾರಾದರೂ ದಿನಾ ಎದ್ದು ಮಾಡಬೇಕು. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಬೇಕು, ಇಲ್ಲದಿದ್ದರೆ ತಿನ್ನುವ ಹಾಗಿಲ್ಲ. ಕೆಸುವಿನ ಎಲೆಗೆ ಹುಳಿ ಸಾಲದಿದ್ದರೆ ಗಂಟಲು ಕೆರೆಯುತ್ತೆ. ಮಾಡುವ ಕೈ ನಿಂತರೆ ರುಚಿಯೂ ನಿಲ್ಲುತ್ತೆ. ಅದಕ್ಕೇ ಬೆಂಬಲ ಬೇಕಾಗಿರುವುದು.

ಉತ್ಸವ ಸಮಿತಿಯಲ್ಲಿರುವ ಗೆಳೆಯರೊಬ್ಬರು ಅಲ್ಲೇ ಸಿಕ್ಕಿದ್ದರು. "ಜನ ಬರೋದೇ ಸಿನಿಮಾದವರನ್ನ ನೋಡೋಕೆ ಮಾರಾಯ. ಕಡುಬಿಗೆ ಯಾರು ಬರ್ತಾರೆ?" ಅಂದರು. ಅವರು ಒಳ್ಳೆಯವರೇ. ಆದರೆ ಮಾತು ತಪ್ಪು. ಸಾಗರದ ಮಾರಿಕಾಂಬಾ ಜಾತ್ರೆಗೆ ಯಾವ ಸಿನಿಮಾದವರನ್ನು ನೋಡಲು ಜನ ಬರುತ್ತಾರೆ? ಮೂರು ವರ್ಷಕ್ಕೊಮ್ಮೆ ಜಾತ್ರೆ ಬಂದರೆ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲೆಲ್ಲೋ ಇರುವ ಹೆಣ್ಣುಮಕ್ಕಳು, ಅಳಿಯಂದಿರು, ನೆಂಟರು ಬರುತ್ತಾರೆ. ಮನೆಮನೆಯಲ್ಲೂ ಊಟ. ದೇವಿಯ ಮೇಲಿನ ಭಕ್ತಿ, ನೆಂಟರ ಮನೆಯ ಊಟ, ಇವೆರಡೇ ಜನರನ್ನು ಎಳೆಯುವುದು.

ಸರ್ಕಾರಿ ಉತ್ಸವದ್ದೇ ಉದಾಹರಣೆ ಬೇಕಾ? ಮೈಸೂರು ದಸರಾದ ಆಹಾರ ಮೇಳ ನೋಡಿ. ಅಲ್ಲಿ ಆದಿವಾಸಿಗಳ ಮಳಿಗೆಯಲ್ಲಿ ಬಿದಿರಿನ ಬೊಂಬಿನೊಳಗೆ ಬೇಯಿಸಿದ ಬಿರಿಯಾನಿ ಕೊಡುತ್ತಾರೆ. ಬಂಬೂ ಬಿರಿಯಾನಿ ಅಂದರೆ ಈಗ ಮೈಸೂರಿನವರಿಗೆಲ್ಲ ಗೊತ್ತು. ಕೆಂಡದ ಮೇಲೆ ಬಿದಿರು ಸುಡುವುದನ್ನು ನೋಡುತ್ತಾ ಸಾಲು ನಿಲ್ಲುತ್ತಾರೆ. ಅಲ್ಲಿ ಕೆಂಡಕ್ಕೆ ಜಾಗ ಇದೆ. ನಮ್ಮ ತೊಡದೇವಿನ ಒಲೆಗೆ ಮಾತ್ರ ಜಾಗ ಇಲ್ಲವಾ? ನಾಗಾಲ್ಯಾಂಡಿನಲ್ಲಿ 2000ದಿಂದ ಹಾರ್ನ್‌ಬಿಲ್ ಉತ್ಸವ ನಡೆಸುತ್ತಿದ್ದಾರೆ, ಪ್ರತಿ ಡಿಸೆಂಬರ್ 1ರಿಂದ 10ರವರೆಗೆ. ಕೊಹಿಮಾ ಹತ್ತಿರದ ಕಿಸಾಮಾದಲ್ಲಿ ಒಂದೊಂದು ಬುಡಕಟ್ಟಿಗೂ ಅವರದ್ದೇ ಮನೆ, ಅಲ್ಲೇ ಅವರ ಅಡುಗೆ, ಅವರ ಅಕ್ಕಿ ಬಿಯರ್. ವಿದೇಶದಿಂದ ಜನ ಬರುವುದು ಅದನ್ನು ಉಣ್ಣಲು. ಕೇರಳದಲ್ಲಿ ಯಾವ ಮೇಳಕ್ಕೆ ಹೋದರೂ ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘಗಳ ಮಹಿಳೆಯರ ಊಟದ ಮಳಿಗೆ ಎದುರಿಗೇ ಸಿಗುತ್ತೆ. ನಮ್ಮ ರಾಜ್ಯವೂ ಸಂಘದ ಮಹಿಳೆಯರೇ ನಡೆಸುವ ಅಕ್ಕ ಕೆಫೆ ಶುರುಮಾಡಿದೆ. ಒಳ್ಳೆಯ ಕೆಲಸ. ಅದೇ ಬುದ್ಧಿ ಉತ್ಸವದ ಮೈದಾನಕ್ಕೆ ಬರುವಾಗ ಎಲ್ಲಿ ಹೋಗುತ್ತೆ?

ಇನ್ನೊಂದು ಮಾತು ಕೇಳಿಬರುತ್ತೆ, ಸ್ವಚ್ಛತೆ. ಮನೆಯಲ್ಲಿ ಮಾಡಿ ತಂದದ್ದಕ್ಕೆ ಏನು ಗ್ಯಾರಂಟಿ ಅಂತ. ಈ ಮಾತು ಕೇಳಿದರೆ ನನಗೆ ತಡೆಯಲು ಆಗುವುದಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದ್ದು ನಮ್ಮ ಸರ್ಕಾರವೇ. ಪರೀಕ್ಷೆ ಮಾಡಿದಾಗ ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಬಟ್ಟೆಗೆ ಹಾಕುವ ಬಣ್ಣ ಅದು. ಕಡುಬಿನಲ್ಲಿ ಏನಿದೆ? ಅಕ್ಕಿ ತರಿ, ನೀರು, ಉಪ್ಪು. ಹಬೆಯಲ್ಲಿ ಬೇಯುತ್ತೆ. ಕಾಗದ ಬೇಕು ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇದೆ. ಸಣ್ಣದಾಗಿ ಮಾಡುವವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಆಹಾರ ಸುರಕ್ಷತಾ ಅಧಿಕಾರಿಗಳು ಉತ್ಸವಕ್ಕೆ ಹದಿನೈದು ದಿನ ಮುಂಚೆ ತಾಲ್ಲೂಕಿಗೆ ಬಂದು, ಸಂಘದವರನ್ನೆಲ್ಲ ಕೂರಿಸಿ, ಅಲ್ಲೇ ಅರ್ಜಿ ತುಂಬಿಸಲಿ. ಒಂದು ದಿನದ ಕೆಲಸ.

ಊರಿನ ರುಚಿ ಅಂದರೆ ಕುಡಿಯುವುದೂ ಸೇರುತ್ತೆ, ಹಾಗಾಗಿ ವೈನ್ ವಿಚಾರವೂ ಇಲ್ಲೇ ಬರೆದುಬಿಡ್ತೀನಿ, ಬೇಜಾರಾಗುವವರು ಆಗಲಿ. ರಾಜ್ಯ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದಕ್ಕೊಂದು ಮಂಡಳಿಯೂ ಆಯಿತು, ವೈನ್ ಉತ್ಸವಗಳೂ ನಡೆದವು. ದ್ರಾಕ್ಷಿ ಬೆಳೆಯುವ ಬಯಲುಸೀಮೆಯ ರೈತರಿಗೆ ಅನುಕೂಲವಾದರೆ ನನಗೂ ಸಂತೋಷ. ನಮ್ಮ ಮಳೆಗೆ ದ್ರಾಕ್ಷಿ ನಿಲ್ಲುವುದಿಲ್ಲ. ಆದರೆ ಸಾಗರ, ಸೊರಬದ ಕಡೆ ಅನಾನಸ್ ಬೆಳೆಯುತ್ತೆ. ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಮಾಡಿದಾಗ ಶಿವಮೊಗ್ಗಕ್ಕೆ ಆರಿಸಿದ್ದೂ ಅನಾನಸ್ಸನ್ನೇ. ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಕೇರಳ 2022ರಲ್ಲಿ ಹಣ್ಣುಗಳಿಂದ ಕಡಿಮೆ ಮದ್ಯಾಂಶದ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ಮಾಡಿತು. ಗೋವಾದವರು ಗೇರುಹಣ್ಣಿನ ಮದ್ಯ ಫೆನಿಗೆ 2009ರಲ್ಲೇ ಜಿಐ ಮಾನ್ಯತೆ, ಅಂದರೆ ಅದು ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಪಡೆದರು. ನಾವೂ ಅನಾನಸ್, ನೇರಳೆ ಹಣ್ಣಿನ ಬಗ್ಗೆ ಕೂತು ಮಾತಾಡಬಹುದು. ಹೆಂಡದಂಗಡಿ ಜಾಸ್ತಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಕೇರಿಯಲ್ಲೇ ಇವೆ, ನನಗೂ ಗೊತ್ತು. ಮದ್ಯ ಬೇಡ ಅಂದರೆ ಬೇಡ ಬಿಡಿ, ಮುರುಗಲು ಶರಬತ್ತನ್ನಾದರೂ ಚೆಂದದ ಬಾಟಲಿಗೆ ತುಂಬಿ ವಿಮಾನ ನಿಲ್ದಾಣದಲ್ಲಿ ಇಡಿ.

ಇದಕ್ಕೆಲ್ಲ ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರ, ರಾಜ್ಯ ಸೇರಿ ಕೊಡುವುದು 35 ಪರ್ಸೆಂಟ್ ಸಹಾಯಧನ. ಅದರ ಮೇಲೆ ನಮ್ಮ ರಾಜ್ಯದ್ದೇ ಇನ್ನೂ 15. ಅರ್ಧಕ್ಕರ್ಧ ಸರ್ಕಾರವೇ ಕೊಟ್ಟ ಹಾಗಾಯಿತು. ಸಂಘದ ಸದಸ್ಯರಿಗೆ 40,000 ರೂಪಾಯಿ ತನಕ ಬೀಜಧನವೂ ಇದೆ. ಆ ಶಾಮಿಯಾನದಲ್ಲಿದ್ದ ಅಕ್ಕಂದಿರಿಗೆ ಈ ಯೋಜನೆಯ ಹೆಸರೇ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಮೂರು ಗಂಟೆ ಭಾಷಣ ಆಯಿತು, ಅದರಲ್ಲಿ ಯಾರಾದರೂ ಐದು ನಿಮಿಷ ಇದನ್ನು ಹೇಳಬಹುದಿತ್ತು. ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ ಅಂತ ಹೆಮ್ಮೆಯಿಂದ ಹೇಳಿದರು, ಸಂತೋಷ. ಅದೇ ಅಪ್ಪೆಮಿಡಿಯ ಭರಣಿ ವೇದಿಕೆಯ ಹಿಂದೆ ಕತ್ತಲಲ್ಲಿ ಕೂತಿತ್ತಲ್ಲ, ಅದಕ್ಕೇನು ಹೇಳೋಣ?

ಇಷ್ಟು ಯಾಕೆ ಉರಿದುಕೊಳ್ಳುತ್ತೀಯ ಅಂತ ಕೇಳುವವರಿಗೆ ಒಂದು ಮಾತು. ಹೆಚ್ಚಿನವರಿಗೆ ಇದನ್ನು ಹೇಳಿಲ್ಲ. ನಮ್ಮಮ್ಮ ಹಲಸಿನ ಹಪ್ಪಳ ಮಾಡಿ ಪೇಟೆಯ ಅಂಗಡಿಗೆ ಹಾಕುತ್ತಿದ್ದಳು. ಕಾಯಿ ಬೇಯಿಸಿ, ರುಬ್ಬಿ, ಬಾಳೆ ಎಲೆಯ ಮೇಲೆ ತಟ್ಟಿ, ಮೋಡ ಬಂದರೆ ಎಲ್ಲ ಬಾಚಿಕೊಂಡು ಒಳಗೆ ಓಡುವುದು. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಆ ದುಡ್ಡಿನಲ್ಲೇ. ಅಂಗಡಿಯವರು ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದಳು, ಚೌಕಾಸಿ ಅವಳಿಗೆ ಬರುತ್ತಿರಲಿಲ್ಲ. ಒಳ್ಳೆಯ ಹಪ್ಪಳ ಅಂತ ಎದುರಿಗೆ ನಿಂತು ಹೇಳಿದವರು ಯಾರೂ ಇಲ್ಲ, ಯಾಕೆಂದರೆ ತಿಂದವರು ಅವಳನ್ನು ನೋಡಲೇ ಇಲ್ಲ. ನಿನ್ನೆ ಆ ಅಕ್ಕ "ಬಾಡಿಗೆ ಹುಟ್ಟಿದ್ರೆ ಸಾಕು" ಅಂದಾಗ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಹಾಗಾಗಿ ಕೇಳುತ್ತಿರುವುದು ದೊಡ್ಡದೇನಲ್ಲ. ಸರ್ಕಾರದ ದುಡ್ಡಿನಲ್ಲಿ ಮಲೆನಾಡಿನಲ್ಲಿ ಯಾವ ಉತ್ಸವ ನಡೆದರೂ ಮೊದಲ ಸಾಲಿನ ಮಳಿಗೆಗಳನ್ನು ಹರಾಜಿನಿಂದ ಹೊರಗಿಡಿ. ಊರಿನ ಸಂಘಗಳಿಗೆ ಬಾಡಿಗೆ ಇಲ್ಲದೆ ಕೊಡಿ. ದೀಪ, ನೀರು, ಪಾತ್ರೆ ತೊಳೆಯುವ ಜಾಗ ಇರಲಿ. ಒಲೆಗೆ ಒಂದು ತೆರೆದ ಜಾಗ ಬಿಟ್ಟು, ಮರಳಿನ ಬಕೆಟ್ ಇಡಿ. ಬರುವ ಅತಿಥಿಗಳಿಗೆ ಊಟದ ಆರ್ಡರನ್ನು ಹೊರಗಿನ ಕೇಟರಿಂಗ್‌ನವರಿಗೆ ಕೊಡುವ ಬದಲು ಇವರಿಗೇ ಕೊಡಿ. ಗೋಬಿ ಮಂಚೂರಿಯೂ ಇರಲಿ ಪಾಪ, ಅವರೂ ಹೊಟ್ಟೆಪಾಡಿಗೆ ಬಂದವರು, ಎರಡನೇ ಸಾಲಿನಲ್ಲಿ ಇರಲಿ.

ಇದನ್ನೇ ಮನವಿ ಪತ್ರ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು ಅಂತಿದ್ದೇವೆ, ಮುಂದಿನ ಉತ್ಸವದ ಪೂರ್ವಭಾವಿ ಸಭೆಗೆ ಮುಂಚೆ. ಸಂಘಗಳಲ್ಲಿ ಇರುವವರು, ಹೋಂಸ್ಟೇ ನಡೆಸುವವರು, ಸುಮ್ನೆ ಊಟ ಇಷ್ಟಪಡುವವರು, ಯಾರಾದರೂ ಸರಿ. ಸಹಿ ಹಾಕುವವರು ಇನ್‌ಬಾಕ್ಸ್‌ನಲ್ಲಿ ನಿಮ್ಮ ಹೆಸರು, ಊರು ಬರೆಯಿರಿ. ನಿಮ್ಮ ಊರಿನಲ್ಲಿ ಚೆನ್ನಾಗಿ ಅಡುಗೆ ಮಾಡುವ ಸಂಘ ಇದ್ದರೆ ಅದನ್ನೂ ತಿಳಿಸಿ, ಪಟ್ಟಿಯನ್ನು ಮನವಿಯ ಜೊತೆಗೇ ಕೊಡೋಣ.