ಆಂಪ್ಲಿಫೈಯರ್ ತಗೊಳ್ಳುವ ಮುಂಚೆ ನಿಮ್ಮ ಸ್ಪೀಕರ್ ನೋಡಿ

ಮನೆಗೊಂದು ಒಳ್ಳೆಯ ಹೈ-ಫೈ ಸಿಸ್ಟಮ್ ಹಾಕಬೇಕು ಅಂತ ಹೊರಟವರು ಮೊದಲು ಕೇಳುವುದು, "ಎಷ್ಟು ವಾಟ್ ಪವರ್ ಆಂಪ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: ನಿಮ್ಮ ಸ್ಪೀಕರ್ ಯಾವುದು?

ಸ್ಪೀಕರ್ ಜೊತೆ ಬರುವ ಹಾಳೆಯಲ್ಲಿ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 8 ಓಮ್ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ 86 ಡೆಸಿಬಲ್ ಅಂತಿದ್ದರೆ, 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ. ಒಂದೇ ವಾಟ್! ಬೆಳಿಗ್ಗೆ ಹಾಲ್‌ನಲ್ಲಿ ಕೂತು ಹಿತವಾಗಿ ವೀಣೆ ಕೇಳುವಾಗ ಹೆಚ್ಚಿನ ಹೊತ್ತು ಅಷ್ಟೂ ಬೇಕಾಗುವುದಿಲ್ಲ.

ಹಾಗಾದ್ರೆ 50, 100 ವಾಟ್ ಯಾಕೆ? ಮೃದಂಗದ ಒಂದು ಗಟ್ಟಿ ಏಟಿಗೆ. ಅದು ಸರಾಸರಿ ಸದ್ದಿಗಿಂತ 15-20 ಡೆಸಿಬಲ್ ಮೇಲೆ ಹಾರಬಹುದು. 10 ಡೆಸಿಬಲ್ ಏರಲು 10 ಪಟ್ಟು ವಾಟ್ ಬೇಕು, 20 ಏರಲು 100 ಪಟ್ಟು. ಆ ಕ್ಷಣಕ್ಕೆ ಆಂಪ್ ಸಾಲದೆ ಹೋದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಮೃದಂಗ ತಗಡು ಬಡಿದ ಹಾಗೆ ಕೇಳುತ್ತದೆ.

ಆದರೆ 50 ವಾಟ್ ಬದಲು 100 ವಾಟ್ ತಗೊಂಡರೆ ಸಿಗುವುದು ಬರೀ 3 ಡೆಸಿಬಲ್. ಸದ್ದು ಎರಡರಷ್ಟಾಯ್ತು ಅನಿಸಲು ಸುಮಾರು 10 ಬೇಕು. ಬಿಬಿಸಿಯವರ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್‌ನ ಸೆನ್ಸಿಟಿವಿಟಿ 82-83ರ ಆಸುಪಾಸು, ದೊಡ್ಡ ಹಾರ್ನ್ ಸ್ಪೀಕರ್‌ಗಳದ್ದು 100 ದಾಟುತ್ತದೆ. ಒಂದಕ್ಕೆ 50 ವಾಟ್ ಬೇಕಾದಲ್ಲಿ ಇನ್ನೊಂದಕ್ಕೆ ಒಂದು ವಾಟ್ ಸಾಕು.

ಆಮೇಲೆ ಓಮ್. 8 ಓಮ್ ಅಂತ ಮಾರುವ ಎಷ್ಟೋ ಸ್ಪೀಕರ್‌ಗಳು ಕೆಲವು ಫ್ರೀಕ್ವೆನ್ಸಿಗಳಲ್ಲಿ 4ರ ಹತ್ತಿರಕ್ಕೆ ಇಳಿಯುತ್ತವೆ. ಆಗ ಆಂಪ್ ಹೆಚ್ಚುಕಮ್ಮಿ ಎರಡರಷ್ಟು ಕರೆಂಟ್ ಕೊಡಬೇಕು. 8 ಓಮ್‌ಗೆ 50, 4 ಓಮ್‌ಗೆ 85-90 ವಾಟ್ ಕೊಡುವ ಆಂಪ್ ಕಂಡರೆ ಅದರ ಪವರ್ ಸಪ್ಲೈ ಗಟ್ಟಿ ಅಂದುಕೊಳ್ಳಿ. "6 ಓಮ್, 1 ಕಿಲೋಹರ್ಟ್ಸ್, 10% ಡಿಸ್ಟಾರ್ಶನ್" (ಅಂದರೆ ಸದ್ದು ಅಷ್ಟು ಕೆಟ್ಟಾಗ ಅಳೆದದ್ದು) ಅಂತ ಸಣ್ಣಕ್ಷರದಲ್ಲಿ ಬರೆದ ವಾಟ್‌ಗೆ ನಾನು ಬೆಲೆ ಕೊಡುವುದಿಲ್ಲ. ಪಿಎಂಪಿಒ (ಜಾಹೀರಾತಿನಲ್ಲಿ ಹಾಕುವ 'ಗರಿಷ್ಠ' ವಾಟ್) ಅಂತೂ ಕೇಳಲೇಬೇಡಿ, ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಡಬ್ಬಿಯ ಮೇಲೆ 1000 ವಾಟ್ ಅಂತಿರುತ್ತದೆ. ಹಿಂಬದಿ ಸ್ಟಿಕರ್ ಓದಿ: 230 ವೋಲ್ಟ್, 60 ವಾಟ್. ಗೋಡೆಯ ಪ್ಲಗ್‌ನಿಂದ 60 ಎಳೆಯುವುದು ಸತತವಾಗಿ 1000 ಕೊಡುವುದು ಹೇಗೆ? ಗ್ರಾಹಕರಿಗೆ ಇದು ಮೋಸವೇ. ಅಮೆರಿಕದಲ್ಲಿ 1974ರಲ್ಲೇ ಇದಕ್ಕೆ ನಿಯಮ ತಂದರು.

ಕ್ಲಾಸ್ ಎ, ಎಬಿ, ಡಿ ಅಂತ ಆಂಪ್ ವಿನ್ಯಾಸಗಳಲ್ಲಿ ಯಾವುದು ಮೇಲು ಎಂಬ ಜಗಳ ಅತಿಯಾಯ್ತು. ಕ್ಲಾಸ್ ಎ ಹಾಡು ನಿಂತಾಗಲೂ ಕರೆಂಟ್ ಸುಡುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಅದರ ಪಕ್ಕ ಕೂರುವುದು ಕಷ್ಟ. ಕ್ಲಾಸ್ ಡಿ ಅಂದರೆ ಡಿಜಿಟಲ್ ಅಲ್ಲ, 'ಸಿ' ಆದಮೇಲೆ ಬರುವ ಅಕ್ಷರ ಅಷ್ಟೆ. ಇವತ್ತಿನ ಒಳ್ಳೆಯ ಡಿ ಆಂಪ್‌ಗಳು ತಣ್ಣಗಿರುತ್ತವೆ, ಚೆನ್ನಾಗಿಯೂ ನುಡಿಸುತ್ತವೆ.

ಅಂಗಡಿಯಲ್ಲಿ ಎರಡು ಆಂಪ್ ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಸಿ. ಅರ್ಧ ಡೆಸಿಬಲ್ ಜಾಸ್ತಿ ಇದ್ದದ್ದು ಸುಮ್ನೆ "ಹೆಚ್ಚು ಸ್ಪಷ್ಟ" ಅನಿಸಿಬಿಡುತ್ತದೆ. 100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಎರಡರ ಎಸಿ ವೋಲ್ಟೇಜ್ 1%ನೊಳಗೆ ಸರಿಹೊಂದಿಸಿ. ಹೀಗೆ ಮಾಡಿದಾಗ ಮಿತಿಯೊಳಗೆ ಕೆಲಸ ಮಾಡುತ್ತಿರುವ ಎರಡು ಒಳ್ಳೆಯ ಆಂಪ್‌ಗಳ ವ್ಯತ್ಯಾಸ ಎಷ್ಟು ಕರಗುತ್ತದೆ ಅಂದರೆ, ಒಂದಕ್ಕೆ ನಾಲ್ಕು ಪಟ್ಟು ದುಡ್ಡು ಕೊಡಲು ನನಗಂತೂ ಕಾರಣ ಸಿಗುವುದಿಲ್ಲ.

ರಿಪೇರಿಯ ಮಾತೂ ಇದೆ ಅಲ್ವಾ. ಸಾಂಪ್ರದಾಯಿಕ ಎಬಿ ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟರೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ ಬದಲಿ ಹುಡುಕಿ ಹಾಕುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಡಿ ಆಂಪ್‌ನಲ್ಲಿ ಹೆಚ್ಚಾಗಿ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಮಧ್ಯಮ ಗಾತ್ರದ ಹಾಲ್, 86-88 ಡೆಸಿಬಲ್ ಸ್ಪೀಕರ್ ಇದ್ದವರಿಗೆ ನಾನು ಹೇಳುವುದು 4 ಓಮ್‌ಗೂ ರೇಟಿಂಗ್ ಇರುವ 50-60 ವಾಟ್‌ನ ಎಬಿ ಆಂಪ್. ಮಿಕ್ಕ ದುಡ್ಡು ಸ್ಪೀಕರ್‌ಗೆ ಹಾಕಿ. ಅದರಲ್ಲೂ ಸ್ವಲ್ಪ ಉಳಿದರೆ ದಪ್ಪ ಪರದೆ, ಜಮಖಾನೆ ತನ್ನಿ. ಟೈಲ್ಸ್ ನೆಲ, ಬೋಳು ಗೋಡೆಯ ನಮ್ಮ ಹಾಲ್‌ಗಳಲ್ಲಿ ಮೊದಲು ತಗ್ಗಬೇಕಾದದ್ದು ಪ್ರತಿಧ್ವನಿ.