ಕೇಳಿದ್ದು ಚಿಪ್ಪುಮೀನಿನ ಬಗ್ಗೆ, ಉತ್ತರ ನೀರಿನ ಬಗ್ಗೆ

ನದಿ ಕಡಲು ಸೇರುವ ಅಳಿವೆಯ ಚಿಪ್ಪುಮೀನಿನಲ್ಲಿ ಭಾರಲೋಹ ಎಷ್ಟಿದೆ ಎಂದು ಕೇಳಿದಾಗಲೆಲ್ಲ ಸಿಗುವ ಉತ್ತರ ಒಂದೇ: "ನೀರಿನ ಮಾದರಿ ಪರೀಕ್ಷಿಸಿದ್ದೇವೆ, ಎಲ್ಲವೂ ಮಿತಿಯೊಳಗಿದೆ." ಕೇಳಿ ಕೇಳಿ ರೋಸಿಹೋಗಿದ್ದೇನೆ. ನೀರನ್ನು ಯಾರು ಕೇಳಿದರು? ನಾವು ತಿನ್ನುವುದು ಚಿಪ್ಪಿನೊಳಗಿನ ಮಾಂಸವನ್ನು.

ನದಿ ಹೊತ್ತು ತರುವ ಸೀಸ, ಪಾದರಸ, ತಾಮ್ರದ ಬಹುಪಾಲು ನುಣುಪಾದ ಜೇಡಿಕಣಗಳಿಗೆ ಅಂಟಿಕೊಂಡು ಬರುತ್ತದೆ. ಸಿಹಿನೀರಿಗೆ ಉಪ್ಪುನೀರು ಬೆರೆಯುವಲ್ಲಿ ಆ ಕಣಗಳು ಗರಣೆಗಟ್ಟಿ ತಳಕ್ಕೆ ಇಳಿಯುತ್ತವೆ. ಹೀಗೆ ಮೇಲಿನ ನೀರು ತಿಳಿಯಾಗಿ ಕಾಣುತ್ತಿರುವಾಗಲೇ ಕೆಳಗಿನ ಹೂಳಿನಲ್ಲಿ ಲೋಹ ಪದರ ಪದರವಾಗಿ ಕೂಡುತ್ತಾ ಹೋಗುತ್ತದೆ. ಲೋಹ ಕೊಳೆಯುವುದಿಲ್ಲ. ಅದನ್ನು ಹರಿಯಬಿಟ್ಟ ಕಾರ್ಖಾನೆ ಮುಚ್ಚಿ ದಶಕಗಳಾದರೂ ಅದು ಆ ಕೆಸರಿನಲ್ಲೇ ಉಳಿದಿರಬಹುದು. ಮೇಲಿಂದ ಒಂದು ಬಾಟಲಿ ನೀರು ತುಂಬಿಕೊಂಡು ಹೋದವರಿಗೆ ಇದು ಹೇಗೆ ಕಂಡೀತು?

ಚಿಪ್ಪುಮೀನು ಬದುಕುವುದು ಆ ಕೆಸರಿನಲ್ಲಿ, ಅದರ ಅಂಚಿನಲ್ಲಿ. ನೀರನ್ನು ಸೋಸಿ ಆಹಾರ ಹುಡುಕುವುದೇ ಅದರ ಬಾಳು. ಬಲಿತ ಸಿಂಪಿಯೊಂದು ಅನುಕೂಲವಿದ್ದರೆ ದಿನಕ್ಕೆ 100 ಲೀಟರಿಗೂ ಹೆಚ್ಚು ನೀರು ಸೋಸಬಲ್ಲದು. ಹಾಗೆ ಒಳಬಂದ ಕ್ಯಾಡ್ಮಿಯಂ ಎಂಬ ಭಾರಲೋಹ ದೇಹದ ಪ್ರೋಟೀನಿಗೆ ಬೆಸೆದುಕೊಂಡು ಉಳಿದುಬಿಡುತ್ತದೆ. ನೀರಿನಲ್ಲಿ ಅಳತೆಗೂ ಸಿಗದಷ್ಟು ಕಡಿಮೆಯಿದ್ದದ್ದು ಮಾಂಸದಲ್ಲಿ ಸಾವಿರಾರು ಪಟ್ಟಾಗಿರಬಹುದು. ಇದು ಹೊಸ ಸಂಗತಿಯೇನೂ ಅಲ್ಲ. ಅಮೆರಿಕ 1986ರಿಂದ ತನ್ನ ಕರಾವಳಿಯ ಮಾಲಿನ್ಯವನ್ನು ಅಳೆಯಲು ಚಿಪ್ಪುಮೀನುಗಳನ್ನೇ ಬಳಸುತ್ತಾ ಬಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಕಿಲೋ ಚಿಪ್ಪುಮಾಂಸದಲ್ಲಿ 1 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರುವಂತಿಲ್ಲ. ಮಾಂಸವನ್ನು ಅಳೆಯುವ ದಾರಿಯೂ ಇದೆ, ಅದಕ್ಕೊಂದು ಮಿತಿಯೂ ಇದೆ. ಆದರೂ ಬಾಟಲಿ ನೀರಿನ ವರದಿಯನ್ನೇ ಮುಖಕ್ಕೆ ಹಿಡಿಯುತ್ತಾರೆ.

"ಚೆನ್ನಾಗಿ ಬೇಯಿಸಿ ತಿನ್ನಿ" ಎನ್ನುವವರನ್ನು ಕಂಡರಂತೂ ಮೈ ಉರಿಯುತ್ತದೆ. ಬೇಯಿಸಿದರೆ ಸಾಯುವುದು ರೋಗಾಣು. ಜೀವಂತ ಚಿಪ್ಪುಮೀನನ್ನು ಶುದ್ಧ ನೀರಿನಲ್ಲಿ ಎರಡು ದಿನ ಇಟ್ಟರೆ ಹೋಗುವುದೂ ಬಹುಮಟ್ಟಿಗೆ ಅದೇ. ಲೋಹಕ್ಕೆ ಬೆಂಕಿಯೂ ಒಂದೇ, ನೀರೂ ಒಂದೇ. ನಮ್ಮ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು.

ಇನ್ನು ಹೂಳೆತ್ತುವ ಯಂತ್ರಗಳು. ಗಾಳಿಯಾಡದ ಕೆಸರಿನಲ್ಲಿ ಗಂಧಕದೊಡನೆ ಕಟ್ಟಿಬಿದ್ದಿದ್ದ ಲೋಹ, ಕೆಸರನ್ನು ಕದಡಿ ಆಮ್ಲಜನಕ ತಾಗಿಸಿದೊಡನೆ ಮತ್ತೆ ಬಿಡಿಸಿಕೊಳ್ಳಲಾರಂಭಿಸುತ್ತದೆ. ಎತ್ತುವ ಮುನ್ನ ಆ ಹೂಳಿನಲ್ಲಿ ಏನಿದೆ ಎಂದು ನೋಡಿದ್ದೀರಾ ಎಂದರೆ ಮೌನ.

ಜಪಾನಿನ ಮಿನಮಾಟ ಕೊಲ್ಲಿಯ ಮೀನು, ಚಿಪ್ಪುಮೀನು ತಿಂದವರ ನರಗಳನ್ನು ಪಾದರಸ ಹಾಳುಮಾಡಿತು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅಲ್ಲಿನ ಕಾರ್ಖಾನೆ ಪಾದರಸವನ್ನು ಹರಿಯಬಿಡುವುದು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷವೂ ಜನ ಅದೇ ಕೊಲ್ಲಿಯ ಮೀನು ತಿನ್ನುತ್ತಿದ್ದರು!

ಇಷ್ಟಾಗಿಯೂ ಎಲ್ಲಾದರೂ ಮಾಂಸ ಪರೀಕ್ಷಿಸಿ ಲೋಹ ಸಿಕ್ಕಿತೆನ್ನಿ, ಮೊದಲ ಪೆಟ್ಟು ಬೀಳುವುದು ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಚಿಪ್ಪು ಹೆಕ್ಕುವವರ ಮೇಲೆ. ಅವರ ಬುಟ್ಟಿಗೆ ನಿಷೇಧ ಹೇರುವುದು ಸುಲಭ, ಮೇಲ್ದಂಡೆಯ ಕಾರ್ಖಾನೆಯ ಕೊಳವೆಗೆ ಬೀಗ ಹಾಕುವುದು ಕಷ್ಟ. ಆ ಲೋಹವನ್ನು ಅಲ್ಲಿ ಸುರಿದವರು ಚಿಪ್ಪು ಹೆಕ್ಕುವವರಲ್ಲ. ನಷ್ಟ ತುಂಬಿಕೊಡಬೇಕಾದವರು ಸುರಿದವರು.

ಮುಂದಿನ ಸಲ ನೀರಿನ ವರದಿ ತರಬೇಡಿ. ಕಿಲೋ ಮಾಂಸಕ್ಕೆ ಎಷ್ಟು ಮಿಲಿಗ್ರಾಂ, ಕಿಲೋ ಹೂಳಿಗೆ ಎಷ್ಟು ಮಿಲಿಗ್ರಾಂ, ಯಾವ ಜಾಗದ್ದು, ಯಾವ ದಿನದ್ದು, ಅದನ್ನು ಬರೆದು ಕೊಡಿ.